ಹಳೇ ನಂಬರು, ಹೊಸ ನಂಬರು

ಚೆನ್ನೈಯಲ್ಲಿ ಮನೆ ಹುಡುಕುವುದಕ್ಕೆ ತಾಳ್ಮೆ ಬೇಕು. ಮೈಲಾಪುರವಾಗಲಿ ತಿರುವಲ್ಲಿಕ್ಕೇಣಿಯಾಗಲಿ, ಹಳೆಯ ಬಡಾವಣೆಗಳಲ್ಲಿ ಒಂದೇ ಮನೆಗೆ ಎರಡೆರಡು ಸಂಖ್ಯೆ. ಗೇಟಿನ ಮೇಲೆ ‘ಹಳೇ ನಂ. 14, ಹೊಸ ನಂ. 31’ ಎಂದು ಎರಡನ್ನೂ ಬರೆಸಿರುತ್ತಾರೆ. ಕಾರ್ಪೊರೇಷನ್ನಿನವರು ಬೀದಿಬೀದಿಗೂ ಹೊಸದಾಗಿ ಸಂಖ್ಯೆ ಕೊಟ್ಟರು. ಜನ ಹೊಸದನ್ನು ಒಪ್ಪಿಕೊಂಡರು, ಹಳೆಯದನ್ನು ಬಿಡಲಿಲ್ಲ. ಮದುವೆಯ ಕರೆಯೋಲೆಯಲ್ಲೂ ಎರಡೂ ಅಚ್ಚಾಗುತ್ತವೆ. ಒಂದನ್ನೇ ಬರೆದುಕೊಂಡು ಹೊರಟಿರೋ, ಹಳೇ ಹದಿನಾಲ್ಕಕ್ಕೆ ಹೋಗಬೇಕಾದವರು ಹೊಸ ಹದಿನಾಲ್ಕರ ಬಾಗಿಲಲ್ಲಿ ಬೆಲ್ ಒತ್ತಿ ನಿಲ್ಲುತ್ತೀರಿ. ಆ ಬೀದಿಯಲ್ಲೇ ತಲೆ ನರೆತ ಪೋಸ್ಟ್‌ಮನ್‌ಗೆ ಇದು ತೊಡಕೇ ಅಲ್ಲ. ಹೊಸದಾಗಿ ಸೇರಿದ ಕೊರಿಯರ್ ಹುಡುಗನಿಗೆ ಮಾತ್ರ ಬಿಸಿಲಲ್ಲಿ ಅರ್ಧ ಗಂಟೆ.

ಊರಿನ ಹೆಸರೇ 1996ರಲ್ಲಿ ಬದಲಾಯಿತು. ಆದರೆ ಹೈಕೋರ್ಟು, ವಿಶ್ವವಿದ್ಯಾಲಯ, ಐಐಟಿ ಇವತ್ತಿಗೂ ‘ಮದ್ರಾಸ್’ ಎಂದೇ ಬೋರ್ಡು ಹಾಕಿಕೊಂಡಿವೆ. ಅಣ್ಣಾ ಸಾಲೈಯನ್ನು ಮೌಂಟ್ ರೋಡ್ ಎನ್ನುವವರು ಬೇಕಾದಷ್ಟು ಮಂದಿ. ನಮ್ಮ ಕನ್ನಡದ ಹಿರಿಯರಿಗಂತೂ ಕೆಥೀಡ್ರಲ್ ರೋಡ್ ಎಂದರೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. 1962ರಲ್ಲಿ ಶುರುವಾದ ಆ ಹೋಟೆಲು 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಆದರೂ ‘ಡ್ರೈವ್-ಇನ್ ಹತ್ತಿರ ಇಳಿದುಕೋ’ ಎಂದು ದಾರಿ ಹೇಳುತ್ತಾರೆ. ಹೇಳುವವರಿಗೂ ಕೇಳುವವರಿಗೂ ಹಳೆಯದು ಗೊತ್ತಿದ್ದರೆ ಸರಿ. ಒಬ್ಬರಿಗೆ ಗೊತ್ತಿಲ್ಲದಿದ್ದರೆ ಅವರು ಬಸ್ ಸ್ಟಾಪಿನಲ್ಲೇ ನಿಂತು ಕಾಯಬೇಕು.

ನನ್ನ ಕಸುಬಿನಲ್ಲಿ ನಿತ್ಯವೂ ನೋಡುವುದು ಇದನ್ನೇ. ಹಳೇ ಮಹಾಬಲಿಪುರಂ ರಸ್ತೆಯ ಆಫೀಸೊಂದರಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. 2000ನೇ ಇಸವಿಯಲ್ಲಿ ತರಮಣಿಯ ಟೈಡಲ್ ಪಾರ್ಕ್ ತೆರೆದಂದಿನಿಂದ ಈ ರಸ್ತೆಯ ಉದ್ದಕ್ಕೂ, ಸಿರುಸೇರಿಯವರೆಗೆ, ಗಾಜಿನ ಕಟ್ಟಡಗಳು ಎದ್ದಿವೆ. ಒಳಗೆ ಕೂತವರು ಮಾಡುವ ಕೆಲಸ ಹೆಚ್ಚಿನದು ದೂರದ ಯಂತ್ರಕ್ಕೆ ಲಾಗಿನ್ ಆಗಿ ಮಾಡುವಂಥದು. ಆ ಯಂತ್ರ ಪಕ್ಕದ ಕೋಣೆಯಲ್ಲಿರಬಹುದು, ಸಿಂಗಾಪುರದಲ್ಲಿರಬಹುದು. ಕೂತವರಿಗೆ ಎರಡೂ ಒಂದೇ. ಕಪ್ಪು ಪರದೆಯ ಮೇಲೆ ಎಸ್‌ಎಸ್‌ಎಚ್ ಎಂದು ಟೈಪ್ ಮಾಡಿ, ಯಂತ್ರದ ಹೆಸರು ಕೊಟ್ಟು, ಎಂಟರ್ ಒತ್ತಿದರೆ ಪಾಸ್‌ವರ್ಡ್ ಕೇಳಬೇಕು. ಕೇಳುತ್ತದೆ. ಆದರೆ ಕೆಲವು ಸಲ ಕೇಳುವುದಕ್ಕೆ ಮೊದಲು ಸುಮ್ಮನೆ ಕೂರುತ್ತದೆ. ಕರ್ಸರ್ ಮಿಟುಕುತ್ತಿರುತ್ತದೆ. ನಾವು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಅದನ್ನೇ ನೋಡುತ್ತಿರುತ್ತೇವೆ. ಕೊನೆಗೆ ಒಳಗೆ ಹೋದ ಮೇಲೆ ನೋಡಿದರೆ ಎಲ್ಲ ಚುರುಕು! ಟೈಪ್ ಮಾಡಿದ್ದು ಕೂಡಲೇ ಮೂಡುತ್ತದೆ, ಫೈಲು ಕೂಡಲೇ ತೆರೆಯುತ್ತದೆ. ಹೊಸ್ತಿಲಲ್ಲಿ ಮಾತ್ರ ತಡ.

ಹೊಸ್ತಿಲಲ್ಲಿ ಮಾತ್ರ ತಡ ಎನ್ನುವುದೇ ಮೊದಲ ಸುಳಿವು. ಲೈನು ನಿಧಾನವಾಗಿದ್ದರೆ ಒಳಗೆ ಹೋದ ಮೇಲೂ ನಿಧಾನ ಇರಬೇಕಿತ್ತು. ಯಂತ್ರಕ್ಕೆ ಶಕ್ತಿ ಸಾಲದಿದ್ದರೆ ಒಳಗೆ ಇನ್ನೂ ಹೆಚ್ಚು ಒದ್ದಾಡಬೇಕಿತ್ತು. ಎರಡೂ ಇಲ್ಲವೆಂದ ಮೇಲೆ ಬಾಗಿಲಲ್ಲಿ ಏನೋ ವಿಚಾರಣೆ ನಡೆಯುತ್ತಿದೆ, ಆ ವಿಚಾರಣೆಗೆ ಎಲ್ಲಿಂದಲೋ ಉತ್ತರ ಬರಬೇಕಾಗಿದೆ, ಅದು ಬರುತ್ತಿಲ್ಲ.

ಜನ ಸಾಮಾನ್ಯವಾಗಿ ದೂರವನ್ನು ದೂರುತ್ತಾರೆ. ‘ಸರ್ವರ್ ಸಿಂಗಾಪುರದಲ್ಲಿದೆಯಲ್ಲ ಸಾರ್, ಅದಕ್ಕೇ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಚೆನ್ನೈಯಿಂದ ಸಿಂಗಾಪುರಕ್ಕೆ 2002ರಲ್ಲಿ ಸಮುದ್ರದ ತಳದಲ್ಲಿ ಎಳೆದ ಐ-ಟು-ಐ ಕೇಬಲ್ಲಿನ ಉದ್ದ ಸುಮಾರು 3,200 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಸಿಂಗಾಪುರಕ್ಕೆ ಹೋಗಿ ಬರುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಮೂವತ್ತೆರಡು ಪಾಲು. ಕಣ್ಣು ಮಿಟುಕಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಲಾಗಿನ್ನಿಗೆ ಹತ್ತು ಸೆಕೆಂಡು ಆಯಿತೆನ್ನಿ. ಅಷ್ಟು ಹೊತ್ತಿನಲ್ಲಿ ಅದೇ ಬೆಳಕು ಇಪ್ಪತ್ತು ಲಕ್ಷ ಕಿಲೋಮೀಟರ್ ಹೋಗಿರುತ್ತದೆ, ಚಂದ್ರನಿಗಿರುವ ದೂರದ ಐದು ಪಟ್ಟು. ಸಿಂಗಾಪುರದ ಪಾಲು ಅದರಲ್ಲಿ ಏನೂ ಅಲ್ಲ.

ಲಾಕ್‌ಡೌನ್ ಕಾಲದಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. 2020ರ ಮಾರ್ಚ್ ಕೊನೆಯ ವಾರದಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದರು. ಲ್ಯಾಪ್‌ಟಾಪ್ ಎತ್ತಿಕೊಂಡು ತಿರುನೆಲ್ವೇಲಿಗೆ ಹೋದವರುಂಟು, ವಿಜಯವಾಡಕ್ಕೆ ಹೋದವರುಂಟು. ನಮ್ಮ ತಂಡದಲ್ಲಿ ಕುಂದಾಪುರದ ಕಡೆಯ ಹುಡುಗಿಯೊಬ್ಬಳಿದ್ದಳು, ಅವಳು ಹೇಗೋ ಊರು ಸೇರಿಕೊಂಡಳು. ಎಲ್ಲರೂ ವಿಪಿಎನ್ ಮೂಲಕ ಆಫೀಸಿನ ಜಾಲಕ್ಕೆ ಬಂದು, ಅಲ್ಲಿಂದ ಸರ್ವರ್‌ಗೆ ಲಾಗಿನ್ ಆಗಬೇಕು. ಎಲ್ಲರಿಗೂ ಲಾಗಿನ್ ತಡ. ಆಫೀಸಿನಲ್ಲಿ ಕೂತು ಮಾಡುವಾಗ ಇರಲಿಲ್ಲ, ಮನೆಯಿಂದ ಮಾಡುವಾಗ ಇದೆ. ಹಾಗಾಗಿ ಒಬ್ಬೊಬ್ಬರೂ ತಮ್ಮ ಮನೆಯ ಲೈನನ್ನೇ ಬೈದುಕೊಂಡರು. ಹೊಸ ಕನೆಕ್ಷನ್ ಹಾಕಿಸಿಕೊಂಡವರೂ ಇದ್ದರು.

ಕುಂದಾಪುರದವಳು ಫೋನ್ ಮಾಡಿ, ‘ಇಲ್ಲಿ ಮಳೆ ಬಂದ್ರೆ ಕರೆಂಟ್ ಇಲ್ಲ, ಕರೆಂಟ್ ಇದ್ರೆ ನೆಟ್ ಇಲ್ಲ ಸಾರ್, ಎಂತ ಮಾಡುದು?’ ಎಂದಳು.

‘ನೆಟ್ ವಿಷಯ ಆಮೇಲೆ. ಎಂಟರ್ ಒತ್ತಿದ ಮೇಲೆ ಪಾಸ್‌ವರ್ಡ್ ಕೇಳೋದಕ್ಕೆ ಎಷ್ಟು ಹೊತ್ತು ಆಗ್ತದೆ, ಗಡಿಯಾರ ಹಿಡಿದು ನೋಡಮ್ಮ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ.’

ಮರುದಿನ ಅವಳೇ ಮಾಡಿದಳು. ‘ಹತ್ತು ಸಾರ್. ಬೆಳಿಗ್ಗೆಯೂ ಹತ್ತು, ರಾತ್ರಿಯೂ ಹತ್ತು. ಮಳೆ ಬರುವಾಗಲೂ ಹತ್ತೇ.’

ತಿರುನೆಲ್ವೇಲಿಯವನನ್ನು ಕೇಳಿದರೆ ಅವನಿಗೂ ಹತ್ತು. ನನಗೆ ಅಷ್ಟು ಸಾಕಾಯಿತು. ಲೈನಿನ ತೊಂದರೆಯಾದರೆ ಒಮ್ಮೆ ಮೂರು ಸೆಕೆಂಡು, ಒಮ್ಮೆ ಹದಿನೇಳು, ಒಮ್ಮೆ ಕಡಿದೇ ಹೋಗುತ್ತದೆ. ಮಳೆಗಾಳಿಗೆ ಲೆಕ್ಕಾಚಾರ ಇಲ್ಲ. ಹೊತ್ತುಹೊತ್ತಿಗೂ ಊರೂರಿಗೂ ಒಂದೇ ಅಂಕಿ ಬರುತ್ತಿದೆ, ಅದೂ ಐದರ ಮಗ್ಗಿಯಲ್ಲಿ ಬರುತ್ತಿದೆ ಎಂದರೆ, ಅದನ್ನು ಯಾರೋ ಮನುಷ್ಯರು ಪ್ರೋಗ್ರಾಮಿನಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಸರ್ವರ್‌ಗಳು ಓಡುವ ಲಿನಕ್ಸಿನಲ್ಲಿ ಅಂಥ ಐದು ಇರುವುದು ಯಂತ್ರಗಳ ಹೆಸರು, ವಿಳಾಸ ವಿಚಾರಿಸುವ ಭಾಗದಲ್ಲಿ; ಅದಕ್ಕೆ ರಿಸಾಲ್ವರ್ ಎನ್ನುತ್ತಾರೆ. ಅದು, ಹೆಸರು-ವಿಳಾಸಗಳ ಪಟ್ಟಿ ಇಟ್ಟುಕೊಂಡ ಒಂದು ನೇಮ್ ಸರ್ವರ್‌ಗೆ ಪ್ರಶ್ನೆ ಹಾಕಿ ಐದು ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಪಟ್ಟಿಯಲ್ಲಿರುವ ಎರಡನೆಯದನ್ನು ಕೇಳುತ್ತದೆ. ಪಟ್ಟಿಯಲ್ಲಿ ಹೆಚ್ಚೆಂದರೆ ಮೂರು. ಪಟ್ಟಿ ಮುಗಿದರೆ ಮೊದಲಿನಿಂದ ಇನ್ನೊಂದು ಸುತ್ತು. ಯಾರೂ ಬೇರೆ ಹೇಳದಿದ್ದರೆ ಇದೇ ಕ್ರಮ. ಆದ್ದರಿಂದ ಲಾಗಿನ್ ಐದು, ಹತ್ತು, ಇಪ್ಪತ್ತು ಎಂದು ತಡವಾದರೆ ಮೊದಲು ನೇಮ್ ಸರ್ವರ್ ಪಟ್ಟಿ ತೆಗೆದು ನೋಡುವುದು ನನ್ನ ಪದ್ಧತಿ.

ಆದರೆ ಒಳಗೆ ಬರುವವನು ನಾನು. ನನಗೆ ಸರ್ವರ್‌ನ ಹೆಸರು ಗೊತ್ತು, ವಿಳಾಸ ಗೊತ್ತು, ಬಾಗಿಲವರೆಗೆ ಬಂದೂ ಆಯಿತು. ಇನ್ನು ಯಾರ ಹೆಸರನ್ನು ಯಾರು ಹುಡುಕುತ್ತಿದ್ದಾರೆ? ಹುಡುಕುತ್ತಿರುವುದು ಸರ್ವರ್, ಹುಡುಕುತ್ತಿರುವುದು ನನ್ನ ಹೆಸರನ್ನು. ‘10.10.8.23 ಎಂಬ ವಿಳಾಸದಿಂದ ಯಾರೋ ಬಂದಿದ್ದಾರೆ, ಇವರ ಹೆಸರೇನು?’ ಎಂದು ಅದು ನೇಮ್ ಸರ್ವರನ್ನು ಕೇಳುತ್ತದೆ. ಹೆಸರು ಸಿಕ್ಕಿದ ಮೇಲೆ ಸುಮ್ಮನಾಗುವುದಿಲ್ಲ. ‘ಈ ಹೆಸರಿನವರ ವಿಳಾಸವೇನು?’ ಎಂದು ತಿರುಗಿಸಿ ಕೇಳುತ್ತದೆ. ಎರಡೂ ತಾಳೆಯಾದರೆ ಒಪ್ಪುತ್ತದೆ. ಕೇವಲ ವಿಳಾಸದಿಂದ ಹೆಸರು ಹೇಳಿಸಿದರೆ ಯಾರು ಬೇಕಾದರೂ ದೊಡ್ಡ ಮನೆಯ ಹೆಸರು ಬರೆಸಿಕೊಳ್ಳಬಹುದು; ಅದಕ್ಕಾಗಿಯೇ ಈ ಎರಡನೆಯ ಪ್ರಶ್ನೆ. ನನಗೆ ಈ ಏರ್ಪಾಡಿನ ಮೇಲೆ ಗೌರವವಿದೆ.

ತಡ ಎಲ್ಲಿ ಎಂದು ನೋಡುವುದಕ್ಕೆ ಎರಡು ಕಿಟಕಿ ತೆರೆದಿಟ್ಟುಕೊಳ್ಳಬೇಕು. ಒಂದರಲ್ಲಿ ಎಸ್‌ಎಸ್‌ಎಚ್‌ಗೆ ‘ವಿ’ ಎಂಬ ಅಕ್ಷರ ಸೇರಿಸಿ ಲಾಗಿನ್ ಮಾಡುವುದು. ಆಗ ಅದು ತಾನು ಮಾಡುವ ಒಂದೊಂದು ಕೆಲಸವನ್ನೂ ಸಾಲು ಸಾಲಾಗಿ ಹೇಳಿಕೊಂಡು ಹೋಗುತ್ತದೆ. ಕನೆಕ್ಷನ್ ಸಿಕ್ಕಿತು, ಬೀಗದ ಕೈ ವಿನಿಮಯವಾಯಿತು, ‘ಸರ್ವಿಸ್ ಆಕ್ಸೆಪ್ಟ್’ ಬಂತು ಎಂಬಲ್ಲಿಯವರೆಗೆ ಸರಸರ ಓಡಿ ಅಲ್ಲಿ ನಿಂತಿತು. ಇನ್ನೊಂದು ಕಿಟಕಿಯಲ್ಲಿ, ಸರ್ವರ್‌ನೊಳಗೆ, ಜಾಲದಲ್ಲಿ ಹೋಗಿಬರುವುದನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ 53ನೇ ಪೋರ್ಟನ್ನು ನೋಡುತ್ತಾ ಕೂರುವುದು. ಹೆಸರಿನ ವಿಚಾರಣೆಯೆಲ್ಲ ನಡೆಯುವುದು ಅದೇ ಪೋರ್ಟಿನಲ್ಲಿ. ಮೊದಲ ಕಿಟಕಿ ನಿಂತ ಕ್ಷಣದಲ್ಲೇ ಎರಡನೆಯದರಲ್ಲಿ ಒಂದು ಸಾಲು ಮೂಡಿತು: 23.8.10.10 ಯಾರು? ಪ್ರಶ್ನೆ ಹೋದದ್ದು ಪಟ್ಟಿಯ ಮೊದಲನೆಯ ನೇಮ್ ಸರ್ವರ್‌ಗೆ. ಮುಂದಿನ ಸಾಲು ಇಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಅದೇ ಪ್ರಶ್ನೆ ಎರಡನೆಯ ನೇಮ್ ಸರ್ವರ್‌ಗೆ ಹೋಯಿತು, ಉಸಿರು ಬಿಡುವುದರೊಳಗೆ ಹೆಸರು ಬಂತು. ಸರಿ, ಈಗ ಆ ಹೆಸರಿನ ವಿಳಾಸ ಕೇಳಬೇಕು. ಮತ್ತೆ ಮೊದಲನೆಯದಕ್ಕೇ ಹೋಯಿತು! ಈಗತಾನೇ ಉತ್ತರ ಕೊಡದವನನ್ನೇ ಮತ್ತೆ ಕೇಳಿತು. ಮತ್ತೆ ಐದು. ಮತ್ತೆ ಎರಡನೆಯದು. ಉತ್ತರ. ಮೊದಲ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳಿತು. ಐದೂ ಐದೂ ಹತ್ತು. ಕುಂದಾಪುರದ ಗಡಿಯಾರವೂ ಅಷ್ಟೇ ಹೇಳಿತ್ತು.

ವಿಳಾಸ ಹಿಂದುಮುಂದಾಗಿದೆಯಲ್ಲ ಎಂದು ಹೊಸಬರು ಕೇಳುವುದುಂಟು. 10.10.8.23 ಎನ್ನುವುದು 23.8.10.10 ಆಗಿ, ಬಾಲಕ್ಕೆ ‘ಇನ್-ಅಡ್ರ್ ಡಾಟ್ ಆರ್ಪಾ’ ಎಂದು ಸೇರಿಕೊಂಡಿರುತ್ತದೆ. ತಪ್ಪಲ್ಲ, ಬೇಕೆಂದೇ ಮಾಡಿದ್ದು. ಹೆಸರು ಬರೆಯುವಾಗ ಚಿಕ್ಕದು ಮೊದಲು, ದೊಡ್ಡದು ಕೊನೆಗೆ: ಯಂತ್ರ, ಸಂಸ್ಥೆ, ದೇಶ. ಐಪಿ ವಿಳಾಸದಲ್ಲಿ ದೊಡ್ಡದು ಮೊದಲು: ಜಾಲ, ಅದರೊಳಗಿನ ಜಾಲ, ಕೊನೆಗೆ ಯಂತ್ರ. ಎರಡನ್ನೂ ಒಂದೇ ಮರದಲ್ಲಿ ಹುಡುಕಬೇಕಾದರೆ ಒಂದನ್ನು ತಿರುಗಿಸಲೇಬೇಕು.

ಇಷ್ಟಕ್ಕೂ ಆ ಉತ್ತರ ಕೊಡದ ಮೊದಲ ನೇಮ್ ಸರ್ವರ್ ಯಾವುದು? ಆಫೀಸು ಗಿಂಡಿಯಲ್ಲಿದ್ದ ಕಾಲದ್ದು. ಪೆರುಂಗುಡಿಗೆ ಬಂದಾಗ ಆ ಯಂತ್ರವನ್ನು ಆರಿಸಿ ಇಟ್ಟರು, ಹೊಸದೊಂದನ್ನು ಹೂಡಿದರು. ಸರ್ವರ್‌ಗಳ ರಿಸಾಲ್ವ್ ಕಾನ್ಫ್ ಎಂಬ ಪುಟ್ಟ ಫೈಲಿನಲ್ಲಿ ಹೊಸದನ್ನು ಎರಡನೆಯ ಸಾಲಿಗೆ ಸೇರಿಸಿದರು. ಮೊದಲ ಸಾಲನ್ನು ಅಳಿಸಲಿಲ್ಲ. ಗೇಟಿನ ಮೇಲೆ ಹಳೇ ನಂಬರು ಉಳಿದುಕೊಂಡದ್ದು ಹೀಗೆ. ಆ ಹಳೇ ಜಾಲದ ಕಡೆ ಹೋಗುವ ಪ್ರಶ್ನೆಗಳನ್ನೆಲ್ಲ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿತ್ತು.

ಹಾಗಾದರೆ ಇಷ್ಟು ವರ್ಷ ಆಫೀಸಿನಲ್ಲಿ ಯಾರಿಗೂ ಯಾಕೆ ತಿಳಿಯಲಿಲ್ಲ? ಇದು ನನಗೆ ಬಹಳ ಹಿಡಿಸಿದ ಭಾಗ. ಆಫೀಸಿನ ಮೇಜುಗಳ ಮೇಲಿದ್ದ ಯಂತ್ರಗಳ ಹೆಸರು, ವಿಳಾಸ ಎಲ್ಲವನ್ನೂ ಹಿಂದಿನವರೊಬ್ಬರು ಸರ್ವರ್‌ನೊಳಗಿನ ಹೋಸ್ಟ್ಸ್ ಎಂಬ ಫೈಲಿನಲ್ಲಿ ಕೈಯಾರೆ ಬರೆದಿಟ್ಟಿದ್ದರು. ಸರ್ವರ್ ಮೊದಲು ಆ ಫೈಲು ನೋಡುತ್ತದೆ, ಅಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೆ ಕೇಳುತ್ತದೆ. ಆಫೀಸಿನವರು ಬಂದರೆ ಅಲ್ಲೇ ಸಿಕ್ಕಿಬಿಡುತ್ತಿತ್ತು, ನೇಮ್ ಸರ್ವರ್‌ವರೆಗೆ ಹೋಗುವ ಪ್ರಮೇಯವೇ ಇರಲಿಲ್ಲ. ಲಾಕ್‌ಡೌನ್ ಬಂದು ಎಲ್ಲರೂ ವಿಪಿಎನ್ನಿನ ಹೊಸ ವಿಳಾಸಗಳಿಂದ ಬರತೊಡಗಿದಾಗ ಆ ಫೈಲಿನಲ್ಲಿ ಅವರ ಹೆಸರಿರಲಿಲ್ಲ. ಲಾಗಿನ್ನಿಗಾಗಿ ಮೊದಲ ಬಾರಿಗೆ ಹೊರಗೆ ಕೇಳಬೇಕಾಯಿತು. ಕೇಳಿದಾಗ ಗಿಂಡಿಯ ಹಳೇ ಸಾಲು ಎದ್ದು ಬಂತು. ರಾತ್ರಿ ಓಡುವ ಕೆಲವು ಕೆಲಸಗಳು ಅಷ್ಟೂ ವರ್ಷ ಐದೈದು ಸೆಕೆಂಡು ನಿಂತು ನಿಂತೇ ಓಡಿದ್ದವು. ರಾತ್ರಿ ಕಾದು ಕೂರುವವರು ಯಾರೂ ಇಲ್ಲದ್ದರಿಂದ ದೂರು ಬಂದಿರಲಿಲ್ಲ.

ಕೈಯಾರೆ ಬರೆದ ಪಟ್ಟಿ ಎಂದೆನಲ್ಲ, ಒಂದು ಕಾಲಕ್ಕೆ ಇಡೀ ಜಾಲಕ್ಕೇ ಅಂಥದೊಂದು ಪಟ್ಟಿ ಇತ್ತು. ಇಂಟರ್ನೆಟ್ಟಿನ ಹಿಂದಿನ ಆರ್ಪಾನೆಟ್ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡದವರು ‘ಹೋಸ್ಟ್ಸ್ ಟಿಎಕ್ಸ್‌ಟಿ’ ಎಂಬ ಒಂದೇ ಫೈಲಿನಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸ ನೋಡಿಕೊಳ್ಳುತ್ತಿದ್ದರು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು. ಅವರು ಸೇರಿಸಿದ ಮೇಲೆ ಎಲ್ಲರೂ ಆ ಫೈಲನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಾದಂತೆ ಫೈಲು ಬೆಳೆಯಿತು, ಇಳಿಸಿಕೊಳ್ಳುವವರೂ ಬೆಳೆದರು, ಒಬ್ಬರ ಕೈಲಿ ಆಗದ ಕೆಲಸವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಬರೆದುಕೊಟ್ಟರು. ಆರ್‌ಎಫ್‌ಸಿ 882, 883 ಎಂಬ ಎರಡು ದಾಖಲೆಗಳು. 1987ರಲ್ಲಿ ಅವುಗಳ ಜಾಗಕ್ಕೆ 1034, 1035 ಬಂದವು. ಪಟ್ಟಿಯನ್ನು ಒಬ್ಬರು ಇಡುವುದು ಬೇಡ, ಅವರವರ ಮನೆಯ ಹೆಸರನ್ನು ಅವರವರೇ ಇಟ್ಟುಕೊಳ್ಳಲಿ, ಯಾರನ್ನು ಕೇಳಬೇಕೆಂದು ಮಾತ್ರ ಮೇಲಿನವರು ಹೇಳಲಿ ಎಂಬುದು ಅದರ ಸಾರ. ನಲವತ್ತು ವರ್ಷದ ಮೇಲೂ ಅದೇ ವಿನ್ಯಾಸ ನಡೆಯುತ್ತಿದೆ. ನಾನು ನೋಡಿದ ಒಳ್ಳೆಯ ಕಟ್ಟಡಗಳಲ್ಲಿ ಇದೂ ಒಂದು ಎಂದೇ ಎಣಿಸುತ್ತೇನೆ.

ನಮ್ಮ ಕಡೆಗೆ ಇದೆಲ್ಲ ಬಂದದ್ದು ಎರ್ನೆಟ್ ಮೂಲಕ. 1986ರಲ್ಲಿ ಶುರುವಾದ ಆ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು, ಐದು ಐಐಟಿಗಳ ಪೈಕಿ ಮದ್ರಾಸಿನದೂ ಇತ್ತು. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಮದ್ರಾಸೂ ಸೇರಿದ ಮಹಾನಗರಗಳಲ್ಲಿ. ಎಸ್‌ಎಸ್‌ಎಚ್ ಹುಟ್ಟಿದ್ದೂ ಅದೇ ವರ್ಷ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದುತ್ತಿದ್ದರು. ಅದನ್ನು ತಡೆಯಲು ಅಲ್ಲಿನ ತತು ಯುಲೋನೆನ್ ಎಂಬವರು ಗುಟ್ಟಾಗಿ ಮಾತಾಡುವ ಈ ಲಾಗಿನ್ ಕ್ರಮವನ್ನು ಬರೆದರು. ಅದಕ್ಕೆ ಮೊದಲು ಟೆಲ್ನೆಟ್, ಆರ್‌ಲಾಗಿನ್ ಎಂದು ಬಳಸುತ್ತಿದ್ದರು. ಆರ್‌ಲಾಗಿನ್‌ನಲ್ಲಿ ಬಂದವನ ಯಂತ್ರದ ಹೆಸರು ನಂಬಿಕಸ್ತರ ಪಟ್ಟಿಯಲ್ಲಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡಬಹುದಿತ್ತು. ಬಂದವನ ಹೆಸರು ವಿಚಾರಿಸುವ ಪದ್ಧತಿ ಬೇರೂರಿದ್ದು ಅಂಥ ಕಾಲದಲ್ಲಿ. ಎಸ್‌ಎಸ್‌ಎಚ್ ಅದನ್ನು ಉಳಿಸಿಕೊಂಡಿತು; ಅದರ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಕೂಡ 2015ರವರೆಗೆ ತಾನಾಗಿಯೇ ಕೇಳುತ್ತಿತ್ತು. ಆ ವರ್ಷ ಬಂದ 6.8ನೇ ಆವೃತ್ತಿಯಲ್ಲಿ ಯೂಸ್ ಡಿಎನ್‌ಎಸ್ ಎಂಬ ಆಯ್ಕೆಯನ್ನು ‘ಬೇಡ’ ಎಂದು ಮಾಡಿದರು. ನಮ್ಮ ಸರ್ವರ್‌ನಲ್ಲಿ ಇದ್ದದ್ದು ಸೆಂಟ್‌ಒಎಸ್ 6 ಎಂಬ ಲಿನಕ್ಸ್, ಅದರೊಳಗೆ ಓಪನ್‌ಎಸ್‌ಎಸ್‌ಎಚ್‌ನ 5.3ನೇ ಆವೃತ್ತಿ. ಅದು ಕೇಳುವ ಕಾಲದ್ದು.

ತಂಡದ ಹುಡುಗರಿಗೆ ಇದು ಗೊತ್ತಿತ್ತು. ‘ಯೂಸ್ ಡಿಎನ್‌ಎಸ್ ನೋ ಅಂತ ಒಂದು ಸಾಲು ಹಾಕಿಬಿಡೋಣ ಸಾರ್, ಮುಗೀತು’ ಎಂದರು. ನಾನು ಬೇಡ ಎಂದೆ. ಆ ಸಾಲು ತಪ್ಪೆಂದಲ್ಲ. ಓಪನ್‌ಎಸ್‌ಎಸ್‌ಎಚ್ ಬರೆದವರೇ ಹೆಸರಿನ ವಿಚಾರಣೆ ಬೇಡವೆಂದಿದ್ದಾರೆ, ಹೆಸರು ನೋಡಿ ಒಳಗೆ ಬಿಡುವ ಕಾಲ ಮುಗಿದಿದೆ. ಆದರೆ ಮೊದಲು ಆ ಸಾಲನ್ನು ಹಾಕಿದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಗುತ್ತದೆ. ಲಾಗಿನ್ ಚುರುಕಾಗುತ್ತದೆ, ದೂರು ನಿಲ್ಲುತ್ತದೆ, ಸತ್ತ ನೇಮ್ ಸರ್ವರ್ ಪಟ್ಟಿಯ ತಲೆಯಲ್ಲೇ ಉಳಿಯುತ್ತದೆ. ಅಂಚೆ ಕಳಿಸುವ ಪೋಸ್ಟ್‌ಫಿಕ್ಸ್ ಅದನ್ನೇ ಕೇಳುತ್ತದೆ. ಮೈಎಸ್‌ಕ್ಯುಎಲ್ ಡೇಟಾಬೇಸು ತನ್ನಲ್ಲಿಗೆ ಬರುವವರ ಹೆಸರನ್ನು ಹೀಗೆಯೇ ವಿಚಾರಿಸುತ್ತದೆ. ಅಲ್ಲೂ ಐದೈದು ಸೆಕೆಂಡು ನಿಲ್ಲುತ್ತದೆ. ಆಡಳಿತದ ಹಕ್ಕಿನಿಂದ ಆಜ್ಞೆ ನಡೆಸುವ ‘ಸೂಡೋ’ ಎಂದು ಟೈಪ್ ಮಾಡಿದರೂ ಯಂತ್ರ ತನ್ನದೇ ಹೆಸರನ್ನು ಹುಡುಕಿಕೊಂಡು ನಿಲ್ಲುವುದುಂಟು. ಒಂದು ಯಂತ್ರದಿಂದ ಇನ್ನೂರು ಯಂತ್ರಗಳಿಗೆ ಒಂದಾದ ಮೇಲೊಂದರಂತೆ ಲಾಗಿನ್ ಆಗುವ ಸ್ಕ್ರಿಪ್ಟ್ ಇದೆಯೆನ್ನಿ, ಒಂದೊಂದರಲ್ಲೂ ಹತ್ತು ಸೆಕೆಂಡು ಎಂದರೆ ಬರೀ ಕಾಯುವುದಕ್ಕೇ ಅರ್ಧ ಗಂಟೆಯ ಮೇಲಾಯಿತು. ಆದ್ದರಿಂದ ಮೊದಲು ಸತ್ತ ಸಾಲನ್ನು ಅಳಿಸಿದೆವು, ಎಲ್ಲ ಸರ್ವರ್‌ಗಳಲ್ಲೂ ಹುಡುಕಿ ಅಳಿಸಿದೆವು. ಆಮೇಲೆ ಯೂಸ್ ಡಿಎನ್‌ಎಸ್ ನೋ ಎಂದೂ ಹಾಕಿದೆವು.

ಅಳಿಸುವುದರಲ್ಲೂ ಒಂದು ಎಚ್ಚರಿಕೆ ಬೇಕು. ಎಷ್ಟೋ ಕಡೆ ರಿಸಾಲ್ವ್ ಕಾನ್ಫ್ ಫೈಲನ್ನು ಕೈಯಿಂದ ತಿದ್ದುತ್ತಾರೆ, ಸರಿಯಾಯಿತೆಂದು ಹೋಗುತ್ತಾರೆ, ಯಂತ್ರ ಮರುಚಾಲೂ ಆದೊಡನೆ ಹಳೆಯ ಸಾಲು ಮತ್ತೆ ಪ್ರತ್ಯಕ್ಷ. ಜಾಲದ ಹೊಂದಿಕೆ ನೋಡಿಕೊಳ್ಳುವ ಡಿಎಚ್‌ಸಿಪಿಯೋ ನೆಟ್‌ವರ್ಕ್ ಮ್ಯಾನೇಜರೋ ಅದನ್ನು ತಮ್ಮ ಬಳಿಯ ಪಟ್ಟಿಯಿಂದ ಮತ್ತೆ ಬರೆದಿರುತ್ತವೆ. ಮೂಲದಲ್ಲಿ ತಿದ್ದಬೇಕು.

ನೇಮ್ ಸರ್ವರ್ ಬದುಕಿದ್ದೂ ತಡವಾಗುವುದುಂಟು. ಮನೆ, ಆಫೀಸುಗಳ ಒಳಗೆ ಬಳಸುವ 10, 192.168 ಮುಂತಾದ ಖಾಸಗಿ ವಿಳಾಸಗಳನ್ನು ತಿರುಗಿಸಿ ಹುಡುಕುವ ಪಟ್ಟಿಯನ್ನು ಆಫೀಸಿನ ನೇಮ್ ಸರ್ವರ್ ತಾನೇ ಇಟ್ಟುಕೊಳ್ಳಬೇಕು. ಇಟ್ಟುಕೊಳ್ಳದಿದ್ದರೆ ಆ ಪ್ರಶ್ನೆ ಹೊರಜಗತ್ತಿಗೆ ಸೋರಿ ಹೋಗಿ, ಉತ್ತರಕ್ಕೆ ಕಾಯಬೇಕಾಗಬಹುದು. ಹೊರಗಿನವರಿಗೆ ನಮ್ಮ ಅಡುಗೆಮನೆಯ ವಿಳಾಸ ಏನು ಗೊತ್ತು? ಹೀಗೆ ಸೋರುವ ಪ್ರಶ್ನೆಗಳು ಜಗತ್ತಿನಾದ್ಯಂತ ಎಷ್ಟಿವೆಯೆಂದರೆ, ಅವುಗಳಿಗೆ ‘ಅಂಥದು ಇಲ್ಲ’ ಎಂದು ಹೇಳುವುದಕ್ಕೆಂದೇ ಎಎಸ್ 112 ಎಂಬ ಹೆಸರಿನಲ್ಲಿ ಸ್ವಯಂಸೇವಕರು ಅಲ್ಲಲ್ಲಿ ಸರ್ವರ್‌ಗಳನ್ನು ನಡೆಸುತ್ತಾರೆ. ಇಂಟರ್ನೆಟ್ಟಿನ ಬೇರಿನ ಸರ್ವರ್‌ಗಳ ಮೇಲೆ ಆ ಹೊರೆ ಬೀಳದಿರಲಿ ಎಂದು. ಬೇರು ಎಂದರೆ ರೂಟ್ ಸರ್ವರ್‌ಗಳು, ಎ ಇಂದ ಎಂ ವರೆಗೆ ಹದಿಮೂರು ಹೆಸರು. ಒಂದೊಂದಕ್ಕೂ ಜಗತ್ತಿನ ಹಲವು ಊರುಗಳಲ್ಲಿ ಪ್ರತಿಗಳು. ಎಫ್ ರೂಟಿನ ಒಂದು ಪ್ರತಿಯನ್ನು 2005ರಲ್ಲಿ ಚೆನ್ನೈಯಲ್ಲೇ ಇಟ್ಟರು.

ಪಟ್ಟಿ ಇಟ್ಟುಕೊಂಡವರು ಎಡವುವ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ವಿಳಾಸಕ್ಕೆ ಹೆಸರು ಬರೆಯುವ ಸಾಲಿಗೆ ಪಿಟಿಆರ್ ದಾಖಲೆ ಎನ್ನುತ್ತಾರೆ. ಹೆಸರಿನ ಕೊನೆಗೆ ಒಂದು ಚುಕ್ಕಿ ಇಡಬೇಕು. ಬರೀ ಒಂದು ಚುಕ್ಕಿ. ಅದನ್ನು ಬಿಟ್ಟರೆ ನೇಮ್ ಸರ್ವರ್ ಹೆಸರು ಇನ್ನೂ ಮುಗಿದಿಲ್ಲವೆಂದು ತಿಳಿದು ಪಟ್ಟಿಯ ಬಾಲವನ್ನೂ ಅಂಟಿಸುತ್ತದೆ. ನಮ್ಮ ಯಂತ್ರದ ಹೆಸರು ಎರಡು ಮೊಳ ಉದ್ದವಾಗಿ, ನಡುವೆ ಅಂಕಿಗಳು ಸೇರಿ, ಯಾರಿಗೂ ಸೇರದ ಹೆಸರಾಗುತ್ತದೆ. ತಿರುಗಿಸಿ ಕೇಳಿದಾಗ ತಾಳೆಯಾಗುವುದಿಲ್ಲ. ಚುಕ್ಕಿ ಇಟ್ಟು, ಫೈಲಿನ ಮೇಲ್ಭಾಗದ ಸರಣಿ ಸಂಖ್ಯೆಯನ್ನು ಹೆಚ್ಚಿಸುವುದು ಮರೆತರೆ ಇನ್ನೊಂದು ಪೇಚು: ಎರಡನೆಯ ನೇಮ್ ಸರ್ವರ್ ‘ಏನೂ ಬದಲಾಗಿಲ್ಲ’ ಎಂದುಕೊಂಡು ಹಳೆಯದನ್ನೇ ಹೇಳುತ್ತಿರುತ್ತದೆ. ಇಂಥ ಸಂಗತಿಗಳನ್ನು ಕಾಲೇಜಿನಲ್ಲಿ ಹೇಳಿಕೊಡುವವರು ಕಡಿಮೆ. ಚೆನ್ನೈಯ ಲಿನಕ್ಸ್ ಬಳಗ, ಐಎಲ್‌ಯುಜಿಸಿ, ಐಐಟಿಯ ಏರೋಸ್ಪೇಸ್ ವಿಭಾಗದಲ್ಲಿ ತಿಂಗಳ ಎರಡನೆಯ ಶನಿವಾರ ಸೇರುತ್ತಿದ್ದ ದಿನಗಳಲ್ಲಿ ಅಲ್ಲಿ ಕೂತು ಕಲಿತವರು ಈ ಊರಿನ ಆಫೀಸುಗಳಲ್ಲಿ ಬಹಳ ಜನ ಇದ್ದಾರೆ. ಶುಲ್ಕವಿಲ್ಲ, ಸರ್ಟಿಫಿಕೇಟಿಲ್ಲ; ಗೊತ್ತಿದ್ದವರು ಹೇಳಿದರು, ಗೊತ್ತಿಲ್ಲದವರು ಕೇಳಿದರು. ಈ ಊರಿನ ಸರ್ವರ್‌ಗಳು ನಡೆಯುತ್ತಿರುವುದರಲ್ಲಿ ಅಂಥ ಶನಿವಾರಗಳ ಪಾಲು ದೊಡ್ಡದು.

ಇಷ್ಟು ವರ್ಷ ಈ ತಡಗಳ ಹಿಂದೆ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ. ಹೆಸರು ಇಲ್ಲದಿರುವುದರಿಂದ ಯಾರಿಗೂ ತಡವಾಗುವುದಿಲ್ಲ. ‘ಈ ವಿಳಾಸಕ್ಕೆ ಹೆಸರಿಲ್ಲ’ ಎಂದು ನೇಮ್ ಸರ್ವರ್ ಹೇಳಿದರೆ ಅದಕ್ಕೆ ಹಿಡಿಯುವುದು ಒಂದು ಕ್ಷಣ. ಸರ್ವರ್ ‘ಸರಿ’ ಎಂದು ಬರೇ ವಿಳಾಸವನ್ನೇ ಬರೆದುಕೊಂಡು ಮುಂದೆ ಹೋಗುತ್ತದೆ. ಇಲ್ಲ ಎಂದು ಹೇಳುವವರೂ ಇಲ್ಲದಿದ್ದಾಗಲೇ ಐದೈದು ಸೆಕೆಂಡು ಹೋಗುವುದು. ಆದ್ದರಿಂದ ಫೈರ್‌ವಾಲ್ ನೋಡಿಕೊಳ್ಳುವ ಗೆಳೆಯರಲ್ಲಿ ನನ್ನದೊಂದು ತಕರಾರಿದೆ. ಹೊರಗಿನಿಂದ ಬರುವ ಅಪರಿಚಿತರಿಗೆ ನೀವು ಉತ್ತರ ಕೊಡಬೇಡಿ, ಅದು ನ್ಯಾಯವೇ. ಆದರೆ ನಮ್ಮದೇ ಸರ್ವರ್ ಒಳಗಿನಿಂದ ಕೇಳಿದ ಪ್ರಶ್ನೆಯನ್ನು ಸದ್ದಿಲ್ಲದೆ ನುಂಗಬೇಡಿ. ಡ್ರಾಪ್ ಎನ್ನುವ ಜಾಗದಲ್ಲಿ ರಿಜೆಕ್ಟ್ ಎಂದು ಬರೆಯಿರಿ. ‘ಅಲ್ಲಿಗೆ ದಾರಿಯಿಲ್ಲ’ ಎಂಬ ಮಾತು ಕೂಡಲೇ ಹಿಂದಕ್ಕೆ ಬರುತ್ತದೆ, ಸರ್ವರ್ ಎರಡನೆಯವರ ಬಾಗಿಲಿಗೆ ಹೋಗುತ್ತದೆ. ಗಿಂಡಿಯ ಹಳೇ ಸಾಲಿನ ಕಡೆ ಹೋದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿದ್ದರೆ ಕುಂದಾಪುರದಲ್ಲಿ ಕೂತವಳಿಗೆ ತಡ ಎನ್ನುವುದೇ ತಿಳಿಯುತ್ತಿರಲಿಲ್ಲ.

ಹತ್ತು ಸೆಕೆಂಡಿಗೆ ಇಷ್ಟು ಮಾತೇಕೆ ಎನ್ನಬಹುದು. ಮನೆಯಲ್ಲಿ ಕೂತು, ಮಗುವನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಹತ್ತಾರು ಸಲ ಲಾಗಿನ್ ಆಗುವವರನ್ನು ಕೇಳಿ ನೋಡಿ. ತಮ್ಮದಲ್ಲದ ದೋಷಕ್ಕೆ ತಮ್ಮ ಲೈನನ್ನು, ತಮ್ಮ ಊರನ್ನು ಬೈದುಕೊಂಡು ತಿಂಗಳುಗಟ್ಟಲೆ ಕಾದವರು ಅವರು. ಕೆಲವರು ಕೈಯಿಂದ ದುಡ್ಡು ಕೊಟ್ಟು ಹೊಸ ಕನೆಕ್ಷನ್ ತೆಗೆದುಕೊಂಡರು. ಒಂದು ಫೈಲಿನ ಒಂದು ಸಾಲನ್ನು ಸಕಾಲದಲ್ಲಿ ಅಳಿಸಿದ್ದರೆ ಅದು ಬೇಕಿರಲಿಲ್ಲ.

ಹಾಗಾಗಿ ಈ ಕಸುಬಿನವರಲ್ಲಿ ಒಂದು ಕೋರಿಕೆ. ಹಳೇ ನೇಮ್ ಸರ್ವರನ್ನು ಆರಿಸುವ ಮುನ್ನ ಒಂದು ವಾರ ಅದರ 53ನೇ ಪೋರ್ಟಿನಲ್ಲಿ ಟಿಸಿಪಿಡಂಪ್ ಹಚ್ಚಿಡಿ. ಅಲ್ಲಿಗೆ ಇನ್ನೂ ಪ್ರಶ್ನೆ ಕಳಿಸುತ್ತಿರುವ ಯಂತ್ರಗಳನ್ನೆಲ್ಲ ಬರೆದುಕೊಂಡು, ಒಂದೊಂದರಲ್ಲೂ ಆ ಸಾಲನ್ನು ತೆಗೆಸಿ. ಪ್ರಶ್ನೆ ಬರುವುದು ಪೂರಾ ನಿಂತ ಮೇಲೆ ಸ್ವಿಚ್ ಆರಿಸಿ.